ಟ್ಯಾಕಲ್ ಬೀಳೋ ಹೊತ್ತಲ್ಲಿ ಪಾಸ್ ಕೊಡ್ಬೇಕಾ, ಚೆಂಡು ಅಪ್ಪಿಕೊಂಡು ಬೀಳ್ಬೇಕಾ?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಡಿಗ್ರಿ ಓದ್ತಿದೀನಿ, ಕಾಲೇಜ್ ಕಬಡ್ಡಿ ಟೀಮಲ್ಲಿ ರೈಡರ್. ಫೋನಲ್ಲಿ ಆಸ್ಟ್ರೇಲಿಯಾದ ರಗ್ಬಿ ಲೀಗ್ ಮ್ಯಾಚ್ ನೋಡಿ ನೋಡಿ ಹುಚ್ಚು ಹಿಡಿದು ಈಗ ನಾವೊಂದಷ್ಟು ಹುಡುಗ್ರು ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ಅದನ್ನೇ ಆಡ್ತೀವಿ. ಚೆಂಡು ಹಿಡ್ಕೊಂಡು ನುಗ್ಗಿದಾಗ ಟ್ಯಾಕಲ್ ಆಗ್ತಿದ್ರೂ ನಾನು ಪಾಸ್ ಕೊಡೋಕೇ ನೋಡ್ತೀನಿ. ಅರ್ಧ ಕ್ಲಿಕ್ ಆಗುತ್ತೆ, ಅರ್ಧ ಎದುರಾಳಿ ಕೈಗೆ ಹೋಗುತ್ತೆ. ಗೆಳೆಯರು "ಸುಮ್ನೆ ಹಿಡ್ಕೊಂಡು ಬೀಳೋ ಮಾರಾಯ" ಅಂತ ಬೈತಾರೆ. ಬರೀ ಗುದ್ದಿ ಗುದ್ದಿ ಬೀಳ್ತಾ ಇದ್ರೆ ಟ್ರೈ ಬರೋದು ಹೆಂಗೆ? ರಿಸ್ಕ್ ತಗೋಬೇಕಾ ಬೇಡ್ವಾ? ಇನ್ನೊಂದು, ನಮ್ಮಲ್ಲಿ ಯಾರಿಗೂ ಕಿಕ್ ಸರಿಯಾಗಿ ಬರಲ್ಲ, ಕೊನೇ ಟ್ಯಾಕಲಲ್ಲಿ ಏನ್ ಮಾಡೋದು?

ಉತ್ತರ: ನಿನ್ನ ಗೆಳೆಯರು ಹೇಳೋದೂ ಸರಿ, ನೀನು ಹೇಳೋದೂ ಸರಿ. ಅವರು ನಿಮ್ಮ ಟ್ರೈ ಲೈನ್ ಹತ್ರದ ಆಟದ ಬಗ್ಗೆ ಮಾತಾಡ್ತಿದಾರೆ, ನೀನು ಎದುರಾಳಿ ಟ್ರೈ ಲೈನ್ ಹತ್ರದ ಆಟದ ಬಗ್ಗೆ ಮಾತಾಡ್ತಿದೀಯ. ಒಂದೇ ಪಾಸು, ಒಂದ್ ಕಡೆ ಮನೆ ಮುಳುಗಿಸುತ್ತೆ, ಇನ್ನೊಂದ್ ಕಡೆ ಅದನ್ನ ಕೊಡದೇ ಇದ್ರೇ ತಪ್ಪು. ಹಂಗಾಗಿ ರಿಸ್ಕ್ ತಗೋಬೇಕಾ ಬೇಡ್ವಾ ಅಂತ ಕೇಳೋಕೆ ಮುಂಚೆ ನೀನು ಎಲ್ಲಿ ನಿಂತಿದೀಯ, ಎಷ್ಟನೇ ಟ್ಯಾಕಲ್ ನಡೀತಿದೆ ಅಂತ ಕೇಳ್ಕೋಬೇಕು. ಈ ಎರಡು ಗೊತ್ತಿದ್ರೆ ಉತ್ತರದ ಮುಕ್ಕಾಲು ಭಾಗ ಬಂದ್ ಹಂಗೇ.

ಬೇರೆಯವರೂ ಓದ್ತಾರೆ ಅಂತ ನಿಯಮ ಚುಟುಕಾಗಿ ಹೇಳಿಬಿಡ್ತೀನಿ. ಒಂದು ತಂಡಕ್ಕೆ 13 ಜನ, ಮೈದಾನ 100 ಮೀಟರ್ ಉದ್ದ. ಚೆಂಡು ಇರೋ ತಂಡಕ್ಕೆ ಆರು ಟ್ಯಾಕಲ್, ಅಂದ್ರೆ ಎದುರಾಳಿ ಆರು ಸಲ ಹಿಡಿದು ಬೀಳಿಸೋವರೆಗೂ ಚೆಂಡು ಅವರದ್ದೇ, ಈ ಆರಕ್ಕೇ ಒಂದು ಸೆಟ್ಟು ಅಂತಾರೆ. ಪ್ರತಿ ಟ್ಯಾಕಲ್ ಆದ್ಮೇಲೆ ಬಿದ್ದವನು ಎದ್ದು ಚೆಂಡನ್ನ ನೆಲಕ್ಕಿಟ್ಟು ಕಾಲಲ್ಲಿ ಹಿಂದಕ್ಕೆ ಉರುಳಿಸ್ತಾನೆ, ಅದೇ ಪ್ಲೇ ದ ಬಾಲ್, ಅಷ್ಟರಲ್ಲಿ ಡಿಫೆನ್ಸ್ ಸಾಲು 10 ಮೀಟರ್ ಹಿಂದಕ್ಕೆ ಹೋಗಿರ್ಬೇಕು. ಆರನೇ ಟ್ಯಾಕಲ್ ಆಯ್ತಾ, ಚೆಂಡು ಅಲ್ಲೇ ಎದುರಾಳಿಗೆ. ಅದಕ್ಕೇ ಐದು ಟ್ಯಾಕಲ್ ಆದ್ಮೇಲೆ ಸಾಮಾನ್ಯವಾಗಿ ದೂರಕ್ಕೆ ಕಿಕ್ ಮಾಡಿ ಬಿಡ್ತಾರೆ. ಎದುರಾಳಿ ಟ್ರೈ ಲೈನ್ ದಾಟಿ ಚೆಂಡನ್ನ ನೆಲಕ್ಕೆ ಒತ್ತಿದ್ರೆ ಟ್ರೈ, ಅದಕ್ಕೆ 4 ಪಾಯಿಂಟ್, ಆಮೇಲೆ ಕಂಬಗಳ ನಡುವೆ ಒದೆಯೋ ಕನ್ವರ್ಷನ್‌ಗೆ 2. ಟ್ಯಾಕಲ್ ಪೂರ್ತಿ ಆಗೋಕೆ ಮುಂಚೆ, ಮೈ ಸಿಕ್ಕಿಹಾಕ್ಕೊಂಡಿದ್ರೂ ಕೈ ಬಿಡಿಸ್ಕೊಂಡು ಕೊಡೋ ಪಾಸೇ ಆಫ್‌ಲೋಡ್. ನಿನ್ನ ಪ್ರಶ್ನೆ ಇದರ ಬಗ್ಗೆನೇ.

ಈ ಆರರ ಲೆಕ್ಕ ಮೊದಲಿಂದ ಇರ್ಲಿಲ್ಲ ಅನ್ನೋದು ನಿನಗೆ ಗೊತ್ತಿರ್ಬೇಕು, ಯಾಕಂದ್ರೆ ರಿಸ್ಕ್‌ನ ಬೇರು ಇರೋದೇ ಅಲ್ಲಿ. ಈ ಆಟ ಹುಟ್ಟಿದ್ದು 1895ರಲ್ಲಿ, ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ. ಮಿಲ್ಲಲ್ಲಿ ಗಣಿಯಲ್ಲಿ ದುಡಿಯೋರು ಆಟಕ್ಕೆ ಹೋದ್ರೆ ಆ ದಿನದ ಕೂಲಿ ಹೋಗ್ತಿತ್ತು, ಆ ಕೂಲಿ ಕಟ್ಟಿಕೊಡ್ಬೇಕು ಅಂತ 20ಕ್ಕೂ ಹೆಚ್ಚು ಕ್ಲಬ್‌ಗಳು ಹಳೇ ರಗ್ಬಿ ಸಂಸ್ಥೆ ಬಿಟ್ಟು ಹೊರಗೆ ಬಂದ್ವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸ್ಕೊಂಡ ನಮ್ಮೂರಲ್ಲಿ, ಕಾಟನ್ ಮಿಲ್ ಸೈರನ್ನಿಗೆ ಎದ್ದು ಹೋಗ್ತಿದ್ದ ಅಜ್ಜಂದಿರು ಇರೋ ಮನೆಗಳಲ್ಲಿ, ಒಂದು ದಿನದ ಕೂಲಿ ಅಂದ್ರೇನು ಅಂತ ಬಿಡಿಸಿ ಹೇಳೋ ಅಗತ್ಯ ಇಲ್ಲ. ಕೂಲಿ ಕೊಡ್ಬೇಕಂದ್ರೆ ಟಿಕೆಟ್ ಮಾರಾಟ ಆಗ್ಬೇಕು, ಟಿಕೆಟ್ ಹೋಗ್ಬೇಕಂದ್ರೆ ಆಟ ಬಿಚ್ಚಿಕೊಂಡು ಓಡ್ಬೇಕು, ಅದಕ್ಕೇ 1906ರಲ್ಲಿ 15 ಜನರನ್ನ 13ಕ್ಕೆ ಇಳಿಸಿ ಮೈದಾನದಲ್ಲಿ ಜಾಗ ಮಾಡಿದ್ರು.

ಆದ್ರೂ ಚೆಂಡು ಇಟ್ಕೊಂಡಿರೋ ತಂಡಕ್ಕೆ ಎಷ್ಟು ಟ್ಯಾಕಲ್ ಆದ್ರೂ ಚೆಂಡು ಅವರದ್ದೇ ಅನ್ನೋ ನಿಯಮ 1960ರ ದಶಕದವರೆಗೂ ಹಂಗೇ ಉಳೀತು. ತಪ್ಪು ಮಾಡದೇ ಇರೋವರೆಗೂ ಗುದ್ದು, ಬೀಳು, ಏಳು, ಮತ್ತೆ ಗುದ್ದು. ಅಂಥಾ ಕಾಲದಲ್ಲಿ ಯಾರಾದ್ರೂ ಯಾಕೆ ಆಫ್‌ಲೋಡ್ ಮಾಡಿ ಕೈ ಸುಟ್ಕೋತಾರೆ? ಸಿಡ್ನಿಯ ಸೇಂಟ್ ಜಾರ್ಜ್ ಕ್ಲಬ್ 1956ರಿಂದ 1966ರವರೆಗೆ ಸತತ 11 ಸಲ ಚಾಂಪಿಯನ್ ಆಯ್ತು. ದೊಡ್ಡ ದೊಡ್ಡ ಆಟಗಾರರಿದ್ರು ಅವರಲ್ಲಿ, ಅದನ್ನ ನಾನು ಕಡಿಮೆ ಮಾಡ್ತಿಲ್ಲ, ಆದ್ರೆ ನಿಯಮವೂ ಚೆಂಡು ಬಿಡದೇ ಇರೋರ ಪರವಾಗೇ ಇತ್ತು. 1967ರಲ್ಲಿ ಆಸ್ಟ್ರೇಲಿಯಾದಲ್ಲಿ ನಾಲ್ಕು ಟ್ಯಾಕಲ್ ನಿಯಮ ಬಂತು, ಅದೇ ವರ್ಷ ಆ ಸರಣಿ ಮುರೀತು. ನಾಲ್ಕು ತೀರಾ ಅವಸರ ಆಯ್ತು ಅಂತ 1970ರ ದಶಕದ ಶುರುವಲ್ಲಿ ಆರು ಮಾಡಿದ್ರು. ಅಲ್ಲಿಂದ ಈಚೆಗೆ ಪ್ರತಿ ಟ್ಯಾಕಲಿಗೂ ಒಂದು ಬೆಲೆ ಇದೆ. ಮೊದಲನೇದರ ಬೆಲೆ ಬೇರೆ, ಐದನೇದರ ಬೆಲೆ ಬೇರೆ.

ಈಗ ನಿನ್ನ ಅರ್ಧಕ್ಕರ್ಧ ಲೆಕ್ಕಕ್ಕೆ ಬರೋಣ. ನಿಮ್ಮ ಟ್ರೈ ಲೈನಿಂದ 20 ಮೀಟರಲ್ಲಿದೀಯ, ಎರಡನೇ ಟ್ಯಾಕಲ್ ಅಂತ ಇಟ್ಕೋ. ಆಫ್‌ಲೋಡ್ ಕ್ಲಿಕ್ ಆದ್ರೆ ಏನ್ ಸಿಗುತ್ತೆ? ಅದೃಷ್ಟ ಇದ್ರೆ ಲೈನ್ ಬ್ರೇಕು, ಅಂದ್ರೆ ಅವರ ಡಿಫೆನ್ಸ್ ಸಾಲು ಸೀಳಿ ಆಚೆ, ಸಾಮಾನ್ಯವಾಗಿ ಇನ್ನೊಂದು ಹತ್ತು ಹದಿನೈದು ಮೀಟರು. ಬಿದ್ದು ಅವರ ಕೈಗೆ ಹೋದ್ರೆ? ಅವರಿಗೆ ಪೂರ್ತಿ ಒಂದು ಸೆಟ್ಟು, ಅದೂ ನಿಮ್ಮ ಬಾಗಿಲಲ್ಲೇ. ಜೊತೆಗೆ ನಿನ್ನ ಕೈಲಿದ್ದ ಉಳಿದ ಟ್ಯಾಕಲ್‌ಗಳು ಹೋದ್ವು, ಕೊನೇಲಿ ಮಾಡಬಹುದಾಗಿದ್ದ ದೂರದ ಕಿಕ್ಕೂ ಹೋಯ್ತು. ನೀನು ಚೆಂಡೊಂದನ್ನೇ ಕಳ್ಕೊಂಡೆ ಅಂದ್ಕೊಂಡಿರ್ತೀಯ, ನಿಜವಾಗಿ ಕಳ್ಕೊಂಡಿದ್ದು ಮುಕ್ಕಾಲು ಮೈದಾನ. ಅಲ್ಲಿ ಹತ್ತರಲ್ಲಿ ಐದು ಬೀಳೋದಿರಲಿ, ಎರಡು ಬಿದ್ರೂ ನಷ್ಟಾನೇ ಅಂತ ನಾನು ಹೇಳ್ತೀನಿ.

ಇದನ್ನೇ ತಿರುಗಿಸಿ ಎದುರಾಳಿ 20 ಮೀಟರಿಗೆ ತಗೊಂಡ್ಹೋಗು, ಕೊನೇ ಟ್ಯಾಕಲ್. ಸುಮ್ನೆ ಬಿದ್ರೂ ಚೆಂಡು ಅವರದ್ದೇ. ಪಾಸ್ ಕೊಟ್ಟು ಹಾಳಾದ್ರೂ ಚೆಂಡು ಅವರದ್ದೇ, ಹೆಚ್ಚೂಕಮ್ಮಿ ಅದೇ ಜಾಗದಲ್ಲಿ, ಅವರು ಇನ್ನೂ 80 ಮೀಟರ್ ಬರ್ಬೇಕು. ಕ್ಲಿಕ್ ಆದ್ರೆ 4 ಪಾಯಿಂಟು. ಇಲ್ಲಿ ಹತ್ತರಲ್ಲಿ ಎರಡೇ ಸರಿಹೋದ್ರೂ ಲಾಭ. ಒಂದೇ ಒಂದು ಎಚ್ಚರಿಕೆ, ಈ ಮಾತು ಮೊಣಕೈ ಅಳತೆಯ ಗಿಡ್ಡ ಪಾಸಿಗೆ ಮಾತ್ರ. ಮೂರು ಜನರನ್ನ ದಾಟಿಸಿ ಉದ್ದಕ್ಕೆ ಬೀಸೋ ಪಾಸಿನ ಕಥೆ ಬೇರೆ, ಅದನ್ನ ಅವರ ವಿಂಗರ್, ಅಂದ್ರೆ ಅಂಚಲ್ಲಿ ಆಡೋನು, ಮಧ್ಯದಲ್ಲಿ ನುಗ್ಗಿ ಕಿತ್ಕೊಂಡ ಅಂದ್ರೆ ನಿಮ್ಮವರೆಲ್ಲಾ ಮುಂದೆ ಬಂದಿರ್ತಾರೆ, ಹಿಂದೆ ಒಬ್ಬನೂ ಇರಲ್ಲ, ಅವನು ಸೀದಾ ಓಡ್ತಾನೆ ಅಷ್ಟೇ.

ನೀನು ರೈಡರ್ ಆಗಿರೋದ್ರಿಂದ ಇದು ನಿನ್ನ ಮೈಗೆ ಆಗ್ಲೇ ಗೊತ್ತಿದೆ. ಮೊದಲೆರಡು ರೈಡ್ ಖಾಲಿ ಬಂದ್ರೂ ನಡಿಯುತ್ತೆ, ಮೂರನೇದು ಡೂ ಆರ್ ಡೈ, ಅಲ್ಲಿ ಸುಮ್ನೆ ವಾಪಸ್ ಬಂದ್ರೂ ಔಟೇ, ಹಂಗಾಗಿ ಕೈ ಹಾಕೇ ಹಾಕ್ತೀಯ. ಮೊದಲನೇ ರೈಡಲ್ಲೇ ಏಳು ಜನರ ಮಧ್ಯೆ ಒಳಗೆ ಹೋಗಿ ಸಿಕ್ಕಿಬಿದ್ರೆ ನಿಮ್ಮ ಕೋಚ್ ಏನಂತಾರೆ? ಕಬಡ್ಡಿ ಕೋರ್ಟಲ್ಲಿ ಇಷ್ಟು ಚೆನ್ನಾಗಿ ಎಣಿಸೋ ಹುಡುಗ ರಗ್ಬಿ ಚೆಂಡು ಕೈಗೆ ಬಂದ ತಕ್ಷಣ ಎಣಿಕೆ ಮರೀತಿದೀಯ, ಅದೇ ನನಗೆ ಬೇಜಾರು.

ದೊಡ್ಡವರ ಆಟದಲ್ಲೂ ಇದೇ ಲೆಕ್ಕ ನೋಡು. 2008ರ ವಿಶ್ವಕಪ್ ಫೈನಲ್, ಬ್ರಿಸ್ಬೇನ್, ಆಸ್ಟ್ರೇಲಿಯಾ ಮತ್ತೆ ನ್ಯೂಜಿಲೆಂಡ್. ಆಸ್ಟ್ರೇಲಿಯಾದ ಫುಲ್‌ಬ್ಯಾಕ್, ಅಂದ್ರೆ ಎಲ್ಲರ ಹಿಂದೆ ನಿಲ್ಲೋ ಆಟಗಾರ, ಬಿಲ್ಲಿ ಸ್ಲೇಟರ್, ಆ ವರ್ಷದ ಗೋಲ್ಡನ್ ಬೂಟ್ ಪ್ರಶಸ್ತಿ ಗೆದ್ದವನು, ಟಚ್ ಲೈನ್ (ಮೈದಾನದ ಅಂಚಿನ ಉದ್ದ ಗೆರೆ) ಪಕ್ಕದಲ್ಲಿ ಸಿಕ್ಕಿಹಾಕ್ಕೊಂಡು ಹೊರಗೆ ಹೋಗ್ತಾ ಇದ್ದಾಗ ಚೆಂಡನ್ನ ನೋಡದೇ ಒಳಕ್ಕೆ ಎಸೆದ. ಅದು ಬಂದಿದ್ದು ನ್ಯೂಜಿಲೆಂಡಿನ ಬೆಂಜಿ ಮಾರ್ಷಲ್ ಕಡೆಗೆ, ಎತ್ಕೊಂಡು ಟ್ರೈ ಮಾಡಿದ. ನ್ಯೂಜಿಲೆಂಡ್ 34-20ರಲ್ಲಿ ಗೆದ್ದು ಮೊದಲ ಸಲ ವಿಶ್ವಕಪ್ ತಗೊಂಡ್ಹೋಯ್ತು. ಸ್ಲೇಟರ್ ಸುಮ್ನೆ ಟಚ್‌ಗೆ ಹೋಗಿದ್ರೆ ಏನಾಗ್ತಿತ್ತು? ಸ್ಕ್ರಮ್, ಅಂದ್ರೆ ಎರಡೂ ತಂಡದ ಮುಂದಿನವರು ತೆಕ್ಕೆ ಹಾಕ್ಕೊಂಡು ನಿಂತು ಆಟ ಮತ್ತೆ ಶುರು ಮಾಡೋದು, ಚೆಂಡು ನ್ಯೂಜಿಲೆಂಡಿಗೆ. ನಷ್ಟಾನೇ, ಆದ್ರೆ ಆಸ್ಟ್ರೇಲಿಯಾ ಡಿಫೆನ್ಸ್ ಸಾಲಾಗಿ ನಿಂತಿರ್ತಿತ್ತು. ಸಣ್ಣ ನಷ್ಟ ತಪ್ಪಿಸೋಕೆ ಹೋಗಿ ದೊಡ್ಡದನ್ನ ಎಳ್ಕೊಂಡಿದ್ದು ಅದು. ನಾನು ಹುಡುಗ್ರಿಗೆ ಮೊದಲು ತೋರಿಸೋದೇ ಆ ವಿಡಿಯೋ, ಯಾಕಂದ್ರೆ ಅಷ್ಟು ದೊಡ್ಡ ಆಟಗಾರನ ಕೈಯಿಂದಲೂ ಒಂದು ಸೆಕೆಂಡಿನ ಗಾಬರಿಯಲ್ಲಿ ಅದು ಆಗುತ್ತೆ.

ಇನ್ನೊಂದು ಆಸ್ಟ್ರೇಲಿಯಾ ಲೀಗಿನ 2015ರ ಗ್ರ್ಯಾಂಡ್ ಫೈನಲ್. ನಾರ್ತ್ ಕ್ವೀನ್ಸ್‌ಲ್ಯಾಂಡ್ ಕೌಬಾಯ್ಸ್ 12, ಬ್ರಿಸ್ಬೇನ್ ಬ್ರಾಂಕೋಸ್ 16, ಟೈಮ್ ಮುಗಿದೇ ಹೋಗ್ತಿದೆ. ಕೌಬಾಯ್ಸ್‌ನ ಮೈಕಲ್ ಮಾರ್ಗನ್ ಬಲಗಡೆ ಅಂಚಲ್ಲಿ ಡಿಫೆಂಡರ್‌ಗಳನ್ನ ಮೈಮೇಲೆ ಎಳ್ಕೊಂಡು ಹಿಂದಿನಿಂದ ಫ್ಲಿಕ್ ಮಾಡಿ ಕೈಲ್ ಫೆಲ್ಟ್‌ಗೆ ಕೊಟ್ಟ, ಮೂಲೆಯಲ್ಲಿ ಟ್ರೈ, 16-16. ಜೊನಾಥನ್ ಥರ್ಸ್ಟನ್ನನ ಕನ್ವರ್ಷನ್ ಕಂಬಕ್ಕೆ ಬಡೀತು, ಆಟ ಗೋಲ್ಡನ್ ಪಾಯಿಂಟಿಗೆ, ಅಂದ್ರೆ ಮೊದಲು ಪಾಯಿಂಟ್ ಗಳಿಸಿದವರು ಗೆಲ್ಲೋ ಹೆಚ್ಚುವರಿ ಆಟಕ್ಕೆ ಹೋಯ್ತು, ಥರ್ಸ್ಟನ್ನೇ ಫೀಲ್ಡ್ ಗೋಲ್ (ಆಟದ ಮಧ್ಯೆ ಕಂಬಗಳ ನಡುವೆ ಒದೆಯೋ ಒಂದು ಪಾಯಿಂಟಿನ ಕಿಕ್) ಹೊಡೆದು 17-16 ಮಾಡಿದ. ಎಲ್ಲರೂ ಮಾರ್ಗನ್ ಧೈರ್ಯ ಅಂತಾರೆ. ನಾನು ನೋಡೋದು ಬೇರೆ. ಆ ಪಾಸ್ ಬಿದ್ರೆ ಮ್ಯಾಚ್ ಸೋಲು, ಪಾಸ್ ಕೊಡದೇ ಬಿದ್ರೂ ಮ್ಯಾಚ್ ಸೋಲು. ಅಂಥಾ ಹೊತ್ತಲ್ಲಿ ಅದು ರಿಸ್ಕೇ ಅಲ್ಲ, ಇದ್ದ ಒಂದೇ ದಾರಿ. ಮತ್ತೆ ಫೆಲ್ಟ್ ಅಲ್ಲಿ ಇದ್ದಾನೆ ಅಂತ ಗೊತ್ತಿದ್ದೇ ಕೊಟ್ಟಿದ್ದು. ಅದೇ ಮ್ಯಾಚಲ್ಲಿ ಗೋಲ್ಡನ್ ಪಾಯಿಂಟಿನ ಕಿಕ್ ಆಫ್ ಹಿಡಿಯೋವಾಗ ಬ್ರಾಂಕೋಸ್‌ನ ಬೆನ್ ಹಂಟ್ ಕೈಯಿಂದ ಚೆಂಡು ಜಾರಿತು, ಅದರಲ್ಲಿ ಯಾವ ಸಾಹಸಾನೂ ಇರ್ಲಿಲ್ಲ, ಮಾಮೂಲಿ ಕ್ಯಾಚು. ತಪ್ಪು ಸೇಫ್ ಆಟದಲ್ಲೂ ಆಗುತ್ತೆ, ಅದನ್ನ ಹಿಡ್ಕೊಂಡು ಒಬ್ಬನ್ನ ಬೈಯೋದು ನನಗೆ ಸರಿ ಕಾಣಲ್ಲ.

ಈಗ ನಿನ್ನ ಕೈಗೆ ಬರೋಣ. ಅರ್ಧ ಪಾಸು ಯಾಕೆ ಹಾಳಾಗ್ತಿವೆ? ನೋಡದೇ ಹೇಳ್ತಿದೀನಿ, ಆದ್ರೂ ಕಬಡ್ಡಿಯಿಂದ ಬಂದ ಹುಡುಗ್ರಲ್ಲಿ ನಾನು ಕಂಡಿದ್ದು ಒಂದೇ ಕಾರಣ, ಗುದ್ದು ಗೆಲ್ಲೋಕೆ ಮುಂಚೆನೇ ಪಾಸಿನ ಬಗ್ಗೆ ಯೋಚಿಸ್ತಾರೆ. ಚೆಂಡು ಆಗ್ಲೇ ಒಂದು ಕೈಲಿ ಹೊರಗೆ ಬಂದಿರುತ್ತೆ, ಮೈ ಮೆತ್ತಗಾಗಿರುತ್ತೆ, ಡಿಫೆಂಡರ್ ಭುಜ ಚೆಂಡಿಗೇ ಬಡಿಯುತ್ತೆ, ಮುಗೀತು. ಕ್ರಮ ಇದು. ಚೆಂಡು ಹಿಡಿದಾಗ ಎರಡೂ ಕೈ. ಡಿಫೆಂಡರ್ ಎದೆಗೆ ಸೀದಾ ಹೋಗ್ಬೇಡ, ಎರಡು ಮೂರು ಹೆಜ್ಜೆ ದೂರ ಇದ್ದಾಗ ಒಂದು ಪಕ್ಕ ಹೆಜ್ಜೆ ಹಾಕು, ಅವನ ಒಂದು ಭುಜ ಮಾತ್ರ ನಿನಗೆ ಸಿಗೋ ಹಂಗೆ, ಅಂದ್ರೆ ಇಬ್ಬರು ಡಿಫೆಂಡರ್ ನಡುವಿನ ಸಂದಿಗೆ. ಈ ಪಕ್ಕ ಹೆಜ್ಜೆ ನಿನಗೆ ರೈಡಲ್ಲಿ ಅಭ್ಯಾಸ ಇದ್ದೇ ಇದೆ. ತಾಗೋ ಕ್ಷಣದಲ್ಲಿ ಚೆಂಡು ಅವನಿಂದ ದೂರ ಇರೋ ಕಂಕುಳಲ್ಲಿ, ಚೆಂಡಿನ ಮೂತಿ ಅಂಗೈಲಿ ಮುಚ್ಚಿರ್ಬೇಕು, ಕಾಲು ನಿಲ್ಲಿಸ್ಬೇಡ, ಗಿಡ್ಡ ಹೆಜ್ಜೆ ಹಾಕ್ತಾನೇ ಇರು. ಆಮೇಲೆ ನೋಡು, ಮೂರು ವಿಷಯ ಗೊತ್ತಾಗುತ್ತೆ. ನಿನ್ನ ಭುಜ ಅವನನ್ನ ದಾಟಿದ್ಯಾ? ಚೆಂಡಿರೋ ಕೈ ಬಿಡುವಾಗಿದ್ಯಾ? ನಮ್ಮ ಹುಡುಗನ ಮುಖ ಕಾಣ್ತಿದ್ಯಾ? ಮೂರಕ್ಕೂ ಹೌದು ಅಂದ್ರೆ ಕೊಡು, ಮೆತ್ತಗೆ, ಎದೆ ಎತ್ತರಕ್ಕೆ, ಆದಷ್ಟೂ ಎರಡು ಕೈಲಿ. ಒಂದಕ್ಕೆ ಇಲ್ಲ ಅಂದ್ರೂ ಅಪ್ಪಿಕೊಂಡು ಬೀಳು. ಮೈದಾನದ ಯಾವ ಮೂಲೆಯಲ್ಲಿದ್ರೂ ಇದೇ ಮಾತು, ಆ ಕೊನೇ ಟ್ಯಾಕಲ್ ಒಂದನ್ನ ಬಿಟ್ಟು.

ಬೀಳೋದ್ರಲ್ಲೂ ಆಟ ಇದೆ, ಇದನ್ನ ನಿನ್ನ ಗೆಳೆಯರಿಗೂ ಓದಿ ಹೇಳು. "ಸುಮ್ನೆ ಬೀಳೋ" ಅಂತಾರಲ್ಲ, ಸುಮ್ನೆ ಬೀಳಬಾರದು. ಬೆನ್ನಡಿ ಆಗಿ ಬಿದ್ರೆ ಎದುರಾಳಿ ಇಬ್ಬರು ಮೇಲೆ ಮಲಗ್ತಾರೆ, ನೀನು ಹೊರಳಿ ಏಳೋ ಅಷ್ಟರಲ್ಲಿ ಅವರ ಸಾಲೆಲ್ಲಾ 10 ಮೀಟರ್ ಹಿಂದೆ ಹೋಗಿ ಉಸಿರು ತಗೊಂಡು ನಿಂತಿರುತ್ತೆ. ಅದೇ ಹೊಟ್ಟೆ ಮೇಲೆ, ಮೊಣಕೈ ಮೊಣಕಾಲು ಊರಿ, ಮುಖ ಅವರ ಟ್ರೈ ಲೈನ್ ಕಡೆ ಇರೋ ಹಂಗೆ ಬಿದ್ರೆ ಚಕ್ಕನೆ ಏಳ್ತೀಯ, ಚೆಂಡು ಹಿಂದಕ್ಕೆ ಹೋಗುತ್ತೆ, ಡಿಫೆಂಡರ್‌ಗಳು ಇನ್ನೂ ಹಿಂದೆ ಹಿಂದೆ ಹೆಜ್ಜೆ ಹಾಕ್ತಿರ್ತಾರೆ, ಅವರ ಭಾರವೆಲ್ಲಾ ಹಿಮ್ಮಡಿ ಮೇಲೆ. ಆಗ ಡಮ್ಮಿ ಹಾಫ್‌ನಲ್ಲಿರೋನು, ಅಂದ್ರೆ ನಿನ್ನ ಹಿಂದೆ ನಿಂತಿರೋ ನಿಮ್ಮವನು, ಎತ್ಕೊಂಡು ಓಡಿದ್ರೆ ಸಾಕು, ಐದಾರು ಮೀಟರ್ ಪುಕ್ಕಟೆ. ಆಫ್‌ಲೋಡಿಂದ ಸಿಗೋ ಲಾಭದಲ್ಲಿ ದೊಡ್ಡ ಪಾಲು, ಅಂದ್ರೆ ಡಿಫೆನ್ಸ್ ಕಟ್ಟಿಕೊಳ್ಳೋಕೆ ಮುಂಚೆ ಮೇಲೆ ಬೀಳೋದು, ಈ ವೇಗದ ಪ್ಲೇ ದ ಬಾಲಿಂದಲೇ ಸಿಗುತ್ತೆ, ಚೆಂಡು ಕಳ್ಕೊಳ್ಳೋ ಭಯ ಬಹಳ ಕಮ್ಮಿ. ಹೈಲೈಟ್ಸ್‌ನಲ್ಲಿ ಇದನ್ನ ತೋರಿಸಲ್ಲ, ಅದಕ್ಕೇ ಫೋನಲ್ಲಿ ಆಟ ಕಲಿಯೋ ಹುಡುಗ್ರಿಗೆ ಇದು ಕಾಣೋದೇ ಇಲ್ಲ. ಹೈಲೈಟ್ಸ್ ಬಿಟ್ಟು ಒಂದ್ಸಲ ಪೂರ್ತಿ ಮ್ಯಾಚ್ ನೋಡು, ಚೆಂಡನ್ನ ನೋಡ್ಬೇಡ, ಬಿದ್ದವನು ಹೆಂಗೆ ಏಳ್ತಾನೆ ಅಂತ ನೋಡು.

ಗೆಳೆಯರ ತಪ್ಪೂ ಇದೆ ಇಲ್ಲಿ. ಆಫ್‌ಲೋಡ್ ಒಬ್ಬನ ಕೆಲಸ ಅಲ್ಲ. ನೀನು ನುಗ್ಗಿದಾಗ ಅವರು ನಿಂತು ನೋಡ್ತಿದ್ರೆ ಪಾಸ್ ಯಾರಿಗೆ ಹೋಗ್ಬೇಕು? ಒಬ್ಬ ನಿನ್ನ ಸೊಂಟದ ಪಕ್ಕ, ಒಂದೆರಡು ಮೀಟರ್ ಹಿಂದೆ, ಓಡ್ತಾ ಬರ್ಬೇಕು, ತಡವಾಗಿ ಬಂದ್ರೆ ಪರ್ವಾಗಿಲ್ಲ, ಮುಂಚೆ ಬಂದು ಸಮಕ್ಕೆ ನಿಂತ್ರೆ ಪಾಸು ಫಾರ್ವರ್ಡ್ ಆಗುತ್ತೆ, ಕೈಯಿಂದ ಮುಂದಕ್ಕೆ ಪಾಸ್ ಕೊಡೋ ಹಂಗಿಲ್ಲ. ಬಂದೋನು ಬಾಯಿ ಬಿಟ್ಟು ಕೂಗ್ಬೇಕು, "ಎಡಕ್ಕೆ" ಅಂತಾನೋ "ಬಲಕ್ಕೆ" ಅಂತಾನೋ. ಕೂಗು ಕೇಳಿಸ್ಲಿಲ್ಲ ಅಂದ್ರೆ ಪಾಸ್ ಇಲ್ಲ ಅಂತ ತಂಡದಲ್ಲೇ ಮಾತು ಮಾಡ್ಕೊಳ್ಳಿ. ಪ್ರಾಕ್ಟೀಸಲ್ಲಿ ಮೈದಾನಕ್ಕೆ ಸುಣ್ಣದಲ್ಲಿ ಎರಡು ಗೆರೆ ಎಳೆದು ಮೂರು ಭಾಗ ಮಾಡಿ, ನಿಮ್ಮ ಭಾಗದಲ್ಲಿ ಆಫ್‌ಲೋಡ್ ಪೂರ್ತಿ ಬಂದ್, ಮಧ್ಯದಲ್ಲಿ ಕೂಗು ಬಂದ್ರೆ ಮಾತ್ರ, ಕೊನೇ ಭಾಗದಲ್ಲಿ ನಿಮ್ಮಿಷ್ಟ. ಪ್ರತಿ ಟ್ಯಾಕಲಿಗೂ ಎಲ್ಲರೂ ಜೋರಾಗಿ ನಂಬರ್ ಎಣಿಸ್ಬೇಕು. ಕೆಲವೇ ವಾರದಲ್ಲಿ ಬೈಗುಳ ನಿಲ್ಲುತ್ತೆ.

ಆದ್ರೆ ನಿನ್ನ ಸಿಟ್ಟಲ್ಲಿರೋ ನಿಜಾನೂ ನಾನು ಒಪ್ತೀನಿ, ಬರೀ ಗುದ್ದಿ ಬೀಳೋ ತಂಡ ಗೆಲ್ಲಲ್ಲ. ಒಬ್ಬ ತಗೊಂಡು ಒಬ್ಬನೇ ನುಗ್ಗೋದನ್ನೇ ಐದು ಸಲ ಮಾಡಿದ್ರೆ ಡಿಫೆನ್ಸ್‌ಗೆ ಯಾರನ್ನ ಹಿಡೀಬೇಕು ಅಂತ ಮುಂಚೆನೇ ಗೊತ್ತಿರುತ್ತೆ, ಮೂರು ಜನ ಒಟ್ಟಿಗೆ ಬಂದು ಎತ್ತಿ ಹಿಂದಕ್ಕೆ ತಗೊಂಡ್ಹೋಗ್ತಾರೆ. ಅದೇ ಆಸ್ಟ್ರೇಲಿಯಾ ಲೀಗಿನ ಪೆನ್ರಿತ್ ಪ್ಯಾಂಥರ್ಸ್ 2021ರಿಂದ 2024ರವರೆಗೆ ಸತತ ನಾಲ್ಕು ಸಲ ಗೆದ್ದಿದ್ದು ತಮ್ಮ ಅರ್ಧದಲ್ಲಿ ಚೆಂಡು ಬಿಡದೇ ಆಡಿ, ಒಳ್ಳೇ ಕಿಕ್ ಮಾಡಿ, ಎದುರಾಳಿಯನ್ನ ಅವರ ಮೂಲೆಯಲ್ಲೇ ಉಸಿರುಗಟ್ಟಿಸಿ. ಅದೇ ಪೆನ್ರಿತ್ 2023ರ ಫೈನಲಲ್ಲಿ ಬ್ರಾಂಕೋಸ್ ಎದುರು 8-24 ಹಿಂದೆ ಬಿದ್ದಾಗ, ಇಪ್ಪತ್ತು ನಿಮಿಷವೂ ಉಳಿದಿಲ್ಲದ ಹೊತ್ತಲ್ಲಿ, ಲೆಕ್ಕಾನೇ ಬದಲಾಯ್ತು. ನೇಥನ್ ಕ್ಲಿಯರಿ 40/20 ಕಿಕ್ ಹೊಡೆದ, ಅಂದ್ರೆ ತನ್ನ 40 ಮೀಟರ್ ಒಳಗಿಂದ ಒದ್ದು ಚೆಂಡು ಪುಟಿದು ಎದುರಾಳಿ 20 ಮೀಟರ್ ಒಳಗೆ ಟಚ್‌ಗೆ ಹೋಗೋದು, ಹೋದ್ರೆ ಚೆಂಡು ಮತ್ತೆ ನಮಗೇ, ಸ್ವಲ್ಪ ತಪ್ಪಿದ್ರೆ ಅವರಿಗೆ. ಕೊನೇ ನಿಮಿಷಗಳಲ್ಲಿ ಅವನೇ ಒಬ್ಬನೇ ಸಂದಿ ನೋಡಿ ನುಗ್ಗಿ ಟ್ರೈ ಮಾಡಿದ, 26-24. ಸ್ಕೋರು, ಗಡಿಯಾರ ಎರಡೂ ರಿಸ್ಕ್‌ನ ಬೆಲೆ ಬದಲಾಯಿಸ್ತವೆ. ಮುಂದಿದ್ದಾಗ ಹುಡುಗಾಟ ಬೇಡ, ಹಿಂದಿದ್ದಾಗ ಸೇಫ್ ಆಡ್ತಾ ಕೂತ್ರೆ ಮರ್ಯಾದೆಯಾಗಿ ಸೋಲ್ತೀರ ಅಷ್ಟೇ.

ಟಿವಿಯಲ್ಲಿ ಬರೋ ರಗ್ಬಿ ಸೆವೆನ್ಸ್ ನೋಡಿ ಗೊಂದಲ ಮಾಡ್ಕೋಬೇಡ. ಅದು ಯೂನಿಯನ್ ಆಟ, ಅಂದ್ರೆ ನಮ್ಮ ಲೀಗ್ ಬಿಟ್ಟು ಬಂದ ಆ ಹಳೇ ರಗ್ಬಿ, ಅಷ್ಟೇ ಮೈದಾನದಲ್ಲಿ ಏಳೇ ಜನ, ಟ್ಯಾಕಲ್ ಎಣಿಕೆ ಇಲ್ಲ, ಬಿದ್ಮೇಲೆ ಚೆಂಡಿಗೆ ಕಿತ್ತಾಟ ಇರುತ್ತೆ. ಹಂಗಾಗಿ ಬೀಳದೇ ಪಾಸ್ ಕೊಡೋದಕ್ಕೆ ಅಲ್ಲಿ ಬೆಲೆ ಜಾಸ್ತಿ.

ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು. ನಮ್ಮ ಕಡೆ ಮೈದಾನ ಮಾರ್ಚ್ ಏಪ್ರಿಲ್ ಬಂತು ಅಂದ್ರೆ ಕಾಂಕ್ರೀಟ್ ಥರ, ಹುಲ್ಲು ಇರಲ್ಲ. ಅಂಥಾ ನೆಲದ ಮೇಲೆ ಫುಲ್ ಟ್ಯಾಕಲ್ ಆಡ್ಬೇಡಿ, ಎರಡು ಕೈಲಿ ಸೊಂಟ ಮುಟ್ಟಿದ್ರೆ ಟ್ಯಾಕಲ್ ಅಂತ ಆಡಿ, ಮಳೆ ಬಿದ್ದು ನೆಲ ಮೆತ್ತಗಾದ್ಮೇಲೆ, ಗೊತ್ತಿರೋರ ಹತ್ರ ಟ್ಯಾಕಲ್ ಕಲಿತು ಆಮೇಲೆ ಬೀಳಿಸಿ. ತಲೆಗೆ ಏಟು ಬಿದ್ದು ಒಂದು ಕ್ಷಣ ಮಂಕಾದ ಹುಡುಗ ಅವತ್ತು ಮತ್ತೆ ಆಡೋ ಹಂಗಿಲ್ಲ, ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ. ಈ ರಿಸ್ಕಿಗೆ ಯಾವ ಲಾಭಾನೂ ಇಲ್ಲ.

ಕೊನೇ ಟ್ಯಾಕಲಿನ ಪ್ರಶ್ನೆ. ಕಿಕ್ ಬರಲ್ಲ ಅಂದ್ರೆ ಮೊದಲು ಗ್ರಬ್ಬರ್ ಒಂದನ್ನ ಕಲೀರಿ, ಅದಕ್ಕೆ ದೊಡ್ಡ ಕಾಲು ಬೇಡ. ಚೆಂಡನ್ನ ನೆಟ್ಟಗೆ ಹಿಡಿದು, ಮೊಣಕಾಲು ಚೆಂಡಿನ ಮೇಲೆ ಬರೋ ಹಂಗೆ ಬಗ್ಗಿ, ಚೆಂಡಿನ ಮೇಲರ್ಧಕ್ಕೆ ಒದ್ದು ನೆಲದ ಮೇಲೆ ಉರುಳಿಸೋದು. ಎದುರಾಳಿ ಟ್ರೈ ಲೈನ್ ಹತ್ರ ಇದ್ದಾಗ ಅದು ಇನ್‌ಗೋಲ್ (ಟ್ರೈ ಲೈನ್ ಆಚೆಗಿನ ಜಾಗ) ಒಳಗೆ ಹೋಗಿ ಅವರು ಅಲ್ಲೇ ಸಿಕ್ಕಿಬಿದ್ರೆ ಅವರೇ ಡ್ರಾಪ್ ಔಟ್ ಮಾಡಿ, ಅಂದ್ರೆ ಚೆಂಡನ್ನ ನೆಲಕ್ಕೆ ಬಿಟ್ಟು ಪುಟಿದ ತಕ್ಷಣ ಒದ್ದು, ಚೆಂಡನ್ನ ನಿಮ್ಮ ಕಡೆಗೆ ಕಳಿಸ್ಬೇಕು, ಸಾಮಾನ್ಯವಾಗಿ ನಿಮಗೆ ಮತ್ತೆ ಪೂರ್ತಿ ಆರು ಟ್ಯಾಕಲ್. ಅದು ಕೈಗೂಡೋವರೆಗೂ ಹಿಂಗ್ ಮಾಡಿ. ಅವರ 20 ಮೀಟರ್ ಒಳಗಿದ್ರೆ ಕೊನೇ ಟ್ಯಾಕಲಲ್ಲಿ ಚೆಂಡನ್ನ ಗಿಡ್ಡ ಪಾಸುಗಳಲ್ಲಿ ಅಂಚಿಗೆ ಸಾಗಿಸಿ, ಅಲ್ಲಿ ನೀನಿರು, ನಿನ್ನ ಆಫ್‌ಲೋಡಿಗೆ ಸರಿಯಾದ ಜಾಗ ಅದೇ. ಮಧ್ಯ ಮೈದಾನದಲ್ಲಿದ್ರೆ ಎಷ್ಟು ಸಾಧ್ಯವೋ ಅಷ್ಟು ಮುಂದಕ್ಕೆ, ಟಚ್ ಲೈನ್ ಹತ್ರಕ್ಕೆ ಓಡಿ ಬೀಳಿ, ಚೆಂಡು ಮೂಲೆಯಲ್ಲಿ ಸಿಕ್ಕಿದ್ರೆ ಅವರಿಗೆ ಒಂದೇ ಕಡೆ ದಾರಿ ಇರುತ್ತೆ, ನಿಮಗೆ ಕಾಯೋದು ಸುಲಭ. ನಿಮ್ಮ ಅರ್ಧದಲ್ಲೇ ಕೊನೇ ಟ್ಯಾಕಲ್ ಬಂತು ಅಂದ್ರೆ ಚೆಂದ ನೋಡ್ಬೇಡಿ, ಹೆಂಗಾದ್ರೂ ಸರಿ ಜೋರಾಗಿ ಮುಂದಕ್ಕೆ ಒದ್ದು, ಎಲ್ಲರೂ ಒಂದೇ ಸಾಲಲ್ಲಿ ಅದರ ಹಿಂದೆ ಓಡಿ.